ಕಾವಿ ಬಣ್ಣದ ಗೂಡ್ಸ್ ಡಬ್ಬಿಗಳು

ನಮ್ಮ ಮನೆಯಲ್ಲಿ ದಸರೆಗೆ ಬೊಂಬೆ ಕೂರಿಸುವುದು ಅಜ್ಜಿಯ ಕಾಲದಿಂದ ಬಂದದ್ದು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ಅದರ ಕೆಳಗೆ ದಶಾವತಾರ, ಮದುವೆ ದಿಬ್ಬಣ, ಚನ್ನಪಟ್ಟಣದ ಬುಗುರಿ ಬಣ್ಣದ ವಾದ್ಯದವರು, ಶೆಟ್ಟಿ ಅಂಗಡಿ. ಮೆಟ್ಟಿಲು ಮುಗಿದ ಮೇಲೆ ನೆಲದಲ್ಲಿ ಮಕ್ಕಳ ಪಾಲಿನ ಜಾಗ. ಮಹಾಲಯ ಅಮಾವಾಸ್ಯೆಗೆ ನಾಲ್ಕು ದಿನ ಮೊದಲೇ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿದರೆ ಪಾಡ್ಯದ ಹೊತ್ತಿಗೆ ಹಸಿರು ಎದ್ದಿರುತ್ತದೆ. ಅದೇ ನಮ್ಮ ಪಾರ್ಕು, ಅದೇ ನಮ್ಮ ಗದ್ದೆ. ಕನ್ನಡಿ ಚೂರು ಇಟ್ಟರೆ ಕೆರೆ. ಕೆಲಸದಿಂದ ನಿವೃತ್ತನಾದ ವರ್ಷ ಆ ನೆಲದ ಜಾಗವನ್ನು ಅಮ್ಮನಿಂದ ಕೇಳಿ ಪಡೆದೆ. ಅಲ್ಲಿ ನಮ್ಮೂರಿನ ರೈಲ್ವೆ ಸ್ಟೇಷನ್ನಿನ ಗೂಡ್ಸ್ ಶೆಡ್ಡನ್ನು, ನಾನು ಹತ್ತು ವರ್ಷದ ಹುಡುಗನಾಗಿದ್ದಾಗ ಹೇಗಿತ್ತೋ ಹಾಗೆ, ಕೂರಿಸಬೇಕೆಂಬುದು ನನ್ನ ಆಸೆ.

ಮೊದಲ ವರ್ಷ ಅವಸರ ಮಾಡಿದೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಚೆಂದದ ಪೆಟ್ಟಿಗೆಯೊಂದು ಸಿಕ್ಕಿತು. ಹಳದಿ ಬಣ್ಣದ ಉದ್ದನೆಯ ಡಬ್ಬಿ, ಬೆಳ್ಳಿಯಂತೆ ಹೊಳೆಯುವ ಎಣ್ಣೆ ಟ್ಯಾಂಕು, ಕಂಟೇನರ್ ಹೊತ್ತ ಚಪ್ಪಟೆ ಬಂಡಿ. ರಾಗಿ ಪೈರಿನ ಪಕ್ಕ ಹಳಿ ಹಾಸಿ ಓಡಿಸಿದೆ. ನೋಡಲು ಬಂದ ಮಕ್ಕಳು ಕುಣಿದವು. ಅಮ್ಮ ಮಣೆಯ ಮೇಲೆ ಕೂತು ಎರಡು ಸುತ್ತು ನೋಡಿದಳು. ಆಮೇಲೆ, "ಚೆನ್ನಾಗಿದೆ ಕಣೋ. ಇದ್ಯಾವ ಊರಿನ ರೈಲು?" ಅಂದಳು.

ಕೊಂಕಿಲ್ಲದ ಪ್ರಶ್ನೆ. ತಿಳಿದುಕೊಳ್ಳಲೆಂದೇ ಕೇಳಿದ್ದು. ಸ್ಟೇಷನ್ ಕಟ್ಟಡವನ್ನು ನಾನು ರಟ್ಟಿನಲ್ಲಿ ಮಾಡಿದ್ದೆ, ಹೆಸರಿನ ಹಲಗೆ ಬರೆದಿದ್ದೆ, ಬೇವಿನ ಮರ ನೆಟ್ಟಿದ್ದೆ. ಆದರೂ ಆ ಡಬ್ಬಿಗಳು ಬಂದು ನಿಂತ ಗಳಿಗೆಯಲ್ಲಿ ಅದು ನಮ್ಮೂರಾಗಿ ಉಳಿಯಲಿಲ್ಲ. ಗೂಡ್ಸ್ ಡಬ್ಬಿಯನ್ನು ಆರಿಸಿಕೊಳ್ಳುವುದು ಇಷ್ಟು ಗಹನವಾದ ಕೆಲಸ ಎಂದು ನನಗೆ ಗೊತ್ತಾದದ್ದು ಆ ಸಂಜೆ.

ಮೈಸೂರಿನಿಂದ ಹಾಸನದ ಮೇಲೆ ಅರಸೀಕೆರೆಗೆ ಹೋಗುವ ನಮ್ಮ ದಾರಿ ಸಂಸ್ಥಾನದ ಕಾಲದ್ದು. 1918ರ ಹೊತ್ತಿಗೆ ಇಲ್ಲಿ ಗಾಡಿ ಓಡತೊಡಗಿತ್ತು. ಆಗ ಊರು ಎಡತೊರೆ. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಹೊತ್ತ ಹೊಸ ಊರು ಆಮೇಲೆ ಎದ್ದದ್ದು. ಕನ್ನಂಬಾಡಿಯ ಹಿನ್ನೀರಿನ ಸಾಗರಕಟ್ಟೆ, ಸಂತ ಅಂತೋಣಿಯವರ ಡೋರನಹಳ್ಳಿ, ಆಮೇಲೆ ನಮ್ಮೂರು ಕೃಷ್ಣರಾಜನಗರ, ಮುಂದೆ ಅಕ್ಕಿಹೆಬ್ಬಾಳು, ಮಂದಗೆರೆ, ಹೊಳೆನರಸೀಪುರ. ಹಳಿ ಮೀಟರ್ ಗೇಜ್: ಎರಡು ಕಂಬಿಗಳ ನಡುವೆ ಸರಿಯಾಗಿ 1,000 ಮಿಲಿಮೀಟರ್. ನನ್ನ ಅಪ್ಪ ಒಂದು ಅಕ್ಕಿ ಗಿರಣಿಯಲ್ಲಿ ರೈಟರ್. ಕಾವೇರಿಯ ನಾಲೆ ಹರಿಯುವ ಸೀಮೆ, ಭತ್ತಕ್ಕೆ ಹೆಸರಾದದ್ದು. ಸುಗ್ಗಿ ಮುಗಿದ ಮೇಲೆ ಅಪ್ಪನಿಗೆ ಇದ್ದ ಒಂದೇ ಚಿಂತೆ ವ್ಯಾಗನ್. ಸ್ಟೇಷನ್ನಿನಲ್ಲಿ ಇಂಡೆಂಟು ಹಾಕಿ ಕಾಯಬೇಕು. ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ದಿನ ಕಳೆಯುತ್ತಿತ್ತು. ಬಂದ ಮೇಲೆ ಗಡುವಿನೊಳಗೆ ತುಂಬದಿದ್ದರೆ ಡೆಮರೇಜಿನ ದಂಡ ಬೀಳುತ್ತಿತ್ತು. ಹಾಗಾಗಿ ರಾತ್ರಿಯೆಂದರೆ ರಾತ್ರಿ, ಪೆಟ್ರೊಮ್ಯಾಕ್ಸ್ ಹಚ್ಚಿಕೊಂಡು ಲೋಡು ಮಾಡಿಸುತ್ತಿದ್ದರು. ಅಪ್ಪನಿಗೆ ಊಟದ ಕ್ಯಾರಿಯರ್ ಒಯ್ಯುವುದು ನನ್ನ ಕೆಲಸ.

ಎಂಜಿನ್ ಡಬ್ಬಿಗಳನ್ನು ಸೈಡಿಂಗಿನಲ್ಲಿ ಬಿಟ್ಟು ಹೋಗಿಬಿಡುತ್ತಿತ್ತು. ಅದರ ಹೊಗೆ, ಶಿಳ್ಳೆ ಎಲ್ಲವೂ ಐದು ನಿಮಿಷದ ವೈಭವ. ಆಮೇಲೆ ಉಳಿಯುತ್ತಿದ್ದದ್ದು ಮೂರೋ ನಾಲ್ಕೋ ಡಬ್ಬಿ. ಅವು ಒಂದು ದಿನ, ಎರಡು ದಿನ ಅಲ್ಲೇ ನಿಂತಿರುತ್ತಿದ್ದವು. ಅವುಗಳ ನೆರಳಿನಲ್ಲಿ ಹಮಾಲಿಗಳು ಮುದ್ದೆ ಬಿಚ್ಚಿ ಉಣ್ಣುತ್ತಿದ್ದರು. ನಾಯಿ ಮಲಗುತ್ತಿತ್ತು. ನಾನು ಕೆಳಗೆ ನುಸುಳಿ ಚಕ್ರದ ಮೇಲಿನ ಕಬ್ಬಿಣದ ಪಟ್ಟಿಗಳ ಸ್ಪ್ರಿಂಗನ್ನು ಎಣಿಸುತ್ತಿದ್ದೆ. ರೈಲು ಎಂದಾಗ ಬಹಳ ಜನಕ್ಕೆ ಎಂಜಿನ್ ನೆನಪಾಗುತ್ತದೆ. ನನಗೆ ನೆನಪಾಗುವುದು ಎಂಜಿನ್ ಬಿಟ್ಟು ಹೋದ ಆ ಡಬ್ಬಿಗಳು. ಅದಕ್ಕೇ ಎರಡನೆಯ ವರ್ಷ ಮೊದಲು ಮಾಡಿದ ತೀರ್ಮಾನ, ಬೊಂಬೆ ಹಬ್ಬದ ನಮ್ಮ ಸ್ಟೇಷನ್ನಿಗೆ ಎಂಜಿನ್ ಬೇಡ, ಮೋಟಾರೂ ಬೇಡ ಎಂಬುದು. ಡಬ್ಬಿಗಳು ನಿಂತಿರಲಿ. ಬೇಕಾದವರು ಕೈಯಲ್ಲಿ ತಳ್ಳಲಿ. ಹಮಾಲಿಗಳೂ ಹಾರೆ ಕೊಟ್ಟು ಚಕ್ರ ಮೀಟಿ, ಭುಜ ಕೊಟ್ಟು ತಳ್ಳಿಯೇ ಡಬ್ಬಿಯನ್ನು ಶೆಡ್ಡಿನ ಬಾಗಿಲಿಗೆ ಸರಿಮಾಡುತ್ತಿದ್ದರು.

ಮಗಳು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಇದ್ದಾಳೆ. ಆಟಿಕೆ ರೈಲುಗಳಿಗೆ ಅದು ತವರು. ಮಾರ್ಕ್ಲಿನ್ ಕಂಪನಿ 1859ರಲ್ಲಿ ಹುಟ್ಟಿದ ಗೋಪ್ಪಿಂಗೆನ್ ಅವಳ ಊರಿಗೆ ಹತ್ತಿರ. ಅಲ್ಲಿ ಭಾನುವಾರ ಹಳೇ ಸಾಮಾನಿನ ಸಂತೆ ಸೇರುತ್ತದಂತೆ. ಒಂದು ಭಾನುವಾರ ನಮ್ಮ ಮಧ್ಯಾಹ್ನದ ಹೊತ್ತಿಗೆ ಅವಳ ವಿಡಿಯೋ ಕರೆ ಬಂತು. ಮೇಜಿನ ಉದ್ದಕ್ಕೂ ಹಳೇ ಗೂಡ್ಸ್ ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಿದ್ದರು.

"ಅಪ್ಪ, ನೋಡು. ಯಾವುದು ಬೇಕು ಹೇಳು. ಇದು ಬಿಳೀದು, ಬಿಯರ್ ಸಾಗಿಸೋದಂತೆ. ಎಷ್ಟು ಮುದ್ದಾಗಿದೆ!"

ಮುದ್ದಾಗಿಯೇ ಇತ್ತು. ಬೇಡ ಎಂದೆ. ನಮ್ಮ ಶೆಡ್ಡಿಗೆ ಬಿಳೀ ಡಬ್ಬಿ ಬಂದದ್ದಿಲ್ಲ.

ಆಮೇಲೆ ಒಂದು ಇಂಗ್ಲಿಷ್ ಡಬ್ಬಿ ತೋರಿಸಿದಳು. ಹಾರ್ನ್‌ಬಿ ಕಂಪನಿಯದು, ಮೂಲೆ ಸವೆದಿತ್ತು. ನಾಲ್ಕೇ ಚಕ್ರ, ಬಿಲ್ಲಿನಂತೆ ಬಾಗಿದ ಚಾವಣಿ, ನಡುವೆ ಎರಡು ರೆಕ್ಕೆಯ ಬಾಗಿಲು. ಎದೆ ಝಲ್ಲೆಂದಿತು. ಕ್ಯಾಮೆರಾ ಅದರ ತುದಿಗೆ ಹಿಡಿ ಎಂದೆ. ತುದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ದುಂಡನೆಯ ಬಫರ್. ಅಲ್ಲಿಗೆ ಅದೂ ದೂರವಾಯಿತು. ನಮ್ಮ ಮೀಟರ್ ಗೇಜ್ ಡಬ್ಬಿಗೆ ಎರಡು ಬಫರ್ ಇರಲಿಲ್ಲ, ನಟ್ಟನಡುವೆ ಒಂದೇ. ಅದರ ಮೇಲೇ ಕೊಕ್ಕೆ. ಒಂದು ಡಬ್ಬಿ ಇನ್ನೊಂದಕ್ಕೆ ತಾಗಿದಾಗ ಆ ಕೊಕ್ಕೆ ಮೇಲೆದ್ದು ಕಟಕ್ಕನೆ ಎದುರಿನದರ ಮೇಲೆ ಬೀಳುತ್ತಿತ್ತು. ಬೆಂಗಳೂರಿನ ದೊಡ್ಡ ಗೇಜಿನ ಗಾಡಿಯಲ್ಲಿ ಮೊದಲ ಬಾರಿ ಜೋಡಿ ಬಫರ್ ಕಂಡಾಗ ಅದು ಯಾವುದೋ ಬೇರೆ ಜಾತಿಯ ಪ್ರಾಣಿ ಅನ್ನಿಸಿತ್ತು ನನಗೆ.

"ಹಾಗಾದ್ರೆ ಇದು?" ಮೂರನೆಯದು ಸ್ವಿಟ್ಜರ್ಲೆಂಡಿನದು. ಬೆಮೊ ಎಂಬ ಕಂಪನಿ ಮಾಡಿದ್ದು, ಆಲ್ಪ್ಸ್ ಬೆಟ್ಟದ ರೇಷಿಯನ್ ರೈಲ್ವೆಯ ಡಬ್ಬಿ. ಆ ರೈಲ್ವೆ ನಮ್ಮದರಂತೆಯೇ ಮೀಟರ್ ಗೇಜ್. ತುದಿ ತೋರಿಸಿದಳು. ನಡುವೆ ಒಂದೇ ಬಫರ್! ಸಾವಿರಾರು ಮೈಲಿ ಆಚೆಯ ಹಿಮದ ಬೆಟ್ಟದಲ್ಲಿ ನಮ್ಮ ದಾಯಾದಿಯೊಬ್ಬ ಸಿಕ್ಕಿದಂತಾಯಿತು. ಆದರೆ ಅದರ ಬಾಗಿಲು ಪಕ್ಕಕ್ಕೆ ಜಾರುವಂಥದ್ದು.

ಒಂದರಲ್ಲಿ ನಮ್ಮ ಬಾಗಿಲು, ಇನ್ನೊಂದರಲ್ಲಿ ನಮ್ಮ ಕೊರಳು. ಎರಡೂ ಕೂಡಿದ್ದು ಆ ಸಂತೆಯಲ್ಲಿ ಇರಲಿಲ್ಲ. ಎಲ್ಲೂ ಇರಲಾರದು. ಕೃಷ್ಣರಾಜನಗರದ ಸೈಡಿಂಗಿನಲ್ಲಿ ನಿಂತಿದ್ದ ಡಬ್ಬಿಯನ್ನು ಅಚ್ಚು ಹಾಕಿ ಮಾರುವ ಕಂಪನಿಯನ್ನು ನಾನು ಕಂಡಿಲ್ಲ. ಕೊನೆಗೆ ಮಗಳಿಗೆ ಹೇಳಿದೆ: ಸ್ವಿಸ್ಸಿನದು ಒಂದು ತಗೋ, ಕಣ್ಣ ಮುಂದೆ ಇಟ್ಟುಕೊಳ್ಳೋಕೆ. ಮೇಜಿನ ಕೆಳಗೆ ಮುರುಕು ಡಬ್ಬಿಗಳ ಬುಟ್ಟಿ ಕಾಣ್ತಿದೆಯಲ್ಲ, ಅದರಲ್ಲಿ ಚಕ್ರ ನೆಟ್ಟಗಿರೋ ಇಂಗ್ಲಿಷ್ ಡಬ್ಬಿ ಎಷ್ಟಿದ್ದರೆ ಅಷ್ಟು ತಗೋ. ಮಾರುವವನು ಅವಳನ್ನು ವಿಚಿತ್ರವಾಗಿ ನೋಡಿದನಂತೆ. ಒಳ್ಳೆಯದನ್ನು ಬಿಟ್ಟು ಮುರಿದದ್ದನ್ನು ತೂಕಕ್ಕೆ ಕೊಂಡವರು ಇವಳೊಬ್ಬಳೇ ಇರಬೇಕು.

ಚಕ್ರ ಯಾಕೆ ಎಂಬುದಕ್ಕೆ ಒಂದು ಲೆಕ್ಕ ಇದೆ. ಅದು ಹೊಳೆದ ದಿನ ನನಗೆ ನಿದ್ದೆ ಬರಲಿಲ್ಲ. ಪ್ರಪಂಚದಲ್ಲಿ ಅತಿ ಸುಲಭವಾಗಿ ಸಿಗುವ ಮಾದರಿ ಹಳಿಯ ಅಗಲ 16.5 ಮಿಲಿಮೀಟರ್. ಯುರೋಪು, ಅಮೆರಿಕದ ಗೇಜು 1,435 ಮಿಲಿಮೀಟರ್. ಅದನ್ನು 87 ಪಟ್ಟು ಕಿರಿದು ಮಾಡಿದರೆ ಈ ಹಳಿ. ಅಂಗಡಿಯ ಡಬ್ಬಿಗಳೆಲ್ಲ ಹೆಚ್ಚುಕಡಿಮೆ ಆ ಲೆಕ್ಕದವು. ಇದೇ ಹಳಿಯ ಮೇಲೆ ನಮ್ಮ 1,676 ಮಿಲಿಮೀಟರಿನ ಬ್ರಾಡ್‌ಗೇಜ್ ಬೇಕೆಂದರೆ ಸುಮಾರು 100 ಪಟ್ಟು ಕಿರಿದು ಮಾಡಬೇಕು. ಮೀಟರ್ ಗೇಜ್ ಬೇಕೆಂದರೆ 60 ಪಟ್ಟು. ಹಳಿ ಅದೇ, ಚಕ್ರ ಅದೇ. ಮೇಲೆ ಕೂರಿಸುವ ಮೈ ಎಷ್ಟು ದೊಡ್ಡದು ಎಂಬುದರ ಮೇಲೆ ಅದು ಲಂಡನ್ನಿನ ರೈಲೋ, ಇವತ್ತಿನ ಮೈಸೂರಿನ ರೈಲೋ, ಅಪ್ಪನ ಕಾಲದ ರೈಲೋ ಎಂಬುದು ತೀರ್ಮಾನವಾಗುತ್ತದೆ. ಮೀಟರ್ ಗೇಜ್ ಡಬ್ಬಿಯ ಚೆಲುವೇ ಅದು: ಕೆಳಗೆ ಸಣ್ಣ ಹೆಜ್ಜೆ, ಮೇಲೆ ಎರಡೂ ಪಕ್ಕಕ್ಕೆ ಚಾಚಿಕೊಂಡ ತುಂಬು ಮೈ, ಬೆಳೆ ಹೊತ್ತ ಎತ್ತಿನ ಗಾಡಿಯ ಹಾಗೆ. ಅಂಗಡಿಯ ಡಬ್ಬಿಯಲ್ಲಿ ಆ ತೂಕ ಕಾಣುವುದಿಲ್ಲ. ಅಮ್ಮನ ಕಣ್ಣಿಗೆ ಬಿದ್ದದ್ದು ಇದೇ ಇರಬೇಕು. ಅಳತೆ ಗೊತ್ತಿಲ್ಲದಿದ್ದರೂ ನಿಲುವು ಅವಳಿಗೆ ಗೊತ್ತಿತ್ತು. 60ರ ಲೆಕ್ಕದಲ್ಲಿ ಆರು ಮೀಟರಿನ ಡಬ್ಬಿ ಹತ್ತು ಸೆಂಟಿಮೀಟರ್. ಐದೂವರೆ ಅಡಿಯ ಹಮಾಲಿ ಮೂರು ಸೆಂಟಿಮೀಟರಿಗೆ ತುಸು ಕಡಿಮೆ. ಅಂಗೈಯಲ್ಲಿ ನಿಲ್ಲುತ್ತಾನೆ.

ಮಾದರಿ ರೈಲುಗಳಲ್ಲಿ ಬಹಳ ದೊಡ್ಡ ಕೆಲಸ ಮಾಡಿದವರು ನಮ್ಮ ದೇಶದಲ್ಲೇ ಇದ್ದಾರೆ. ಪುಣೆಯಲ್ಲಿ ಜೋಶಿಯವರ ಪುಟಾಣಿ ರೈಲ್ವೆ ಮ್ಯೂಸಿಯಂ 1998ರಿಂದ ಇದೆ. ಇಡೀ ನಗರವೇ ಮೇಜಿನ ಮೇಲೆ ಬೆಳಗುತ್ತದೆ. ನಮ್ಮ ಮೈಸೂರಿನ ರೈಲ್ವೆ ಮ್ಯೂಸಿಯಂ 1979ರದು. ನಿಜವಾದ ಎಂಜಿನ್ನುಗಳು, 1899ರ ಮಹಾರಾಣಿ ಸಲೂನು, ಅದರ ಒಳಗಿನ ಮರಗೆಲಸ ಎಲ್ಲವನ್ನೂ ನಾನು ಎಷ್ಟೋ ಸಲ ನೋಡಿದ್ದೇನೆ. ಆದರೆ ಭತ್ತದ ಡಬ್ಬಿಯ ವಿಚಾರ ಕೇಳಬೇಕೆಂದರೆ ಅದನ್ನು ಹೊತ್ತು ತುಂಬಿದವರನ್ನೇ ಕೇಳಬೇಕು. ಅಪ್ಪನ ಕಾಲದ ಹಮಾಲಿ ತಂಡದಲ್ಲಿ ಮೇಸ್ತ್ರಿಯಾಗಿದ್ದವರೊಬ್ಬರು ಹಳೇ ಎಡತೊರೆ ಕಡೆ ಇನ್ನೂ ಇದ್ದಾರೆ ಎಂದು ತಿಳಿದು ಹೋದೆ. ಎಂಬತ್ತು ದಾಟಿದ ಜೀವ. ಜಗಲಿಯಲ್ಲಿ ಕೂತಿದ್ದರು.

"ರೈಟ್ರ ಮಗ ಅಲ್ವಾ ನೀವು? ಕ್ಯಾರಿಯರ್ ತರ್ತಿದ್ರಿ."

ನಾನು ಮಾಡಿದ್ದ ರಟ್ಟಿನ ಮಾದರಿಯನ್ನು ಕೈಗೆ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದರು. ನನ್ನ ನೆನಪಿನಲ್ಲಿ ಆ ಡಬ್ಬಿಗಳು ಬೂದು ಬಣ್ಣದವು, ಹಾಗೇ ಬಳಿದಿದ್ದೆ. "ಇದೇನ್ ಸ್ವಾಮಿ, ಬೂದಿ ಬಳ್ದಿದ್ದೀರಿ? ಕಾವಿ ಅಲ್ವಾ ಅದ್ರ ಬಣ್ಣ? ಮೈಗೆಲ್ಲ ಮೆತ್ಕತಿತ್ತು," ಎಂದು ಎರಡೂ ಭುಜ ಸವರಿಕೊಂಡರು. ರಾತ್ರಿ ಪೆಟ್ರೊಮ್ಯಾಕ್ಸ್ ಬೆಳಕಿನಲ್ಲಿ ನೋಡಿದ್ದೇ ಹೆಚ್ಚಾದ್ದರಿಂದ ನನ್ನ ಮನಸ್ಸು ಅದನ್ನು ಬೂದು ಮಾಡಿಕೊಂಡಿತ್ತೇನೋ. ಐವತ್ತು ವರ್ಷ ಖಚಿತವಾಗಿ ನಂಬಿದ್ದ ಬಣ್ಣ ಜಗಲಿಯ ಮೇಲೆ ಒಂದು ಗಳಿಗೆಯಲ್ಲಿ ಹೋಯಿತು.

ಆಮೇಲೆ ಬಾಗಿಲಿನ ವಿಚಾರಕ್ಕೆ ಬಂದರು. ಕೂತಲ್ಲೇ ಎರಡೂ ಕೈ ಮುಂದೆ ಚಾಚಿ, ಅಗುಳಿ ಎತ್ತಿದಂತೆ ಮಾಡಿ, ಎದೆಯಿಂದ ಆಚೆಗೆ ಅಗಲಿಸಿದರು. ಮುದಿ ತೋಳು ನಡುಗುತ್ತಿತ್ತು, ಆದರೆ ಆ ಭಾರದ ಅಂದಾಜು ತೋಳಿಗೆ ಮರೆತಿರಲಿಲ್ಲ. ಬಲಗೈ ಹೆಬ್ಬೆರಳಿನ ಉಗುರು ಎರಡಾಗಿ ಸೀಳಿತ್ತು. "ಅಗುಳಿ ಹೊಡ್ದಿದ್ದು. ಚೈನಿಗೆ ಕಟ್ಟಿರೋ ಪಿನ್ನು ಬಿಗಿಯಾಗ್ ಕೂತಿರ್ತಿತ್ತು. ಸುತ್ತಿಗೇಲಿ ತಟ್ಬೇಕು." ಮೂಟೆಯನ್ನು ಎರಡೂ ತುದಿಯಿಂದ ಒಟ್ಟಿಕೊಂಡು ಬಂದು ಬಾಗಿಲ ಬಾಯಿಯನ್ನು ಕೊನೆಗೆ ಮುಚ್ಚುವುದು, ಮಳೆಗಾಲವಾದರೆ ಬಾಗಿಲ ಸಂದಿಗೆ ಹಳೇ ಗೋಣಿ ತುರುಕುವುದು, ಆಮೇಲೆ ತಂತಿ ಹಾಕಿ ಸೀಸದ ಸೀಲು ಒತ್ತುವುದು, ಎಲ್ಲವನ್ನೂ ಕ್ರಮವಾಗಿ ಹೇಳಿದರು. ಸೀಲು ಬಿದ್ದ ಮೇಲೆ ಅಪ್ಪ ರೈಲ್ವೆ ರಸೀದಿಯ ಆರ್‌ಆರ್ ಚೀಟಿಯನ್ನು ಮಡಿಸಿ ಒಳಜೇಬಿಗೆ ಇಟ್ಟುಕೊಂಡು ಎಲ್ಲರಿಗೂ ಟೀ ಹೇಳುತ್ತಿದ್ದರಂತೆ. ಅದು ನನಗೆ ಗೊತ್ತಿರಲಿಲ್ಲ. ಅಷ್ಟು ಹೊತ್ತಿಗೆ ನಾನು ಮನೆಗೆ ಹೋಗಿರುತ್ತಿದ್ದೆ.

ಹೊರಡುವಾಗ ಅವರೇ ಕೂಗಿ ಒಂದು ಮಾತು ಸೇರಿಸಿದರು: "ಎಲ್ಲಾಕೂ ಒಂದೇ ಅಕ್ಷರ ಬರೀಬ್ಯಾಡಿ. ಎಲ್ಲೆಲ್ಲಿಂದ್ಲೋ ಬರ್ತಿದ್ವು."

ಇದು ನನಗೂ ಚೆನ್ನಾಗಿ ನೆನಪಿದ್ದ ಸಂಗತಿ, ಆದರೂ ಮರೆಯುವುದರಲ್ಲಿದ್ದೆ. 1951ರ ಏಪ್ರಿಲ್ 14ರಂದು ಮೈಸೂರು ಸ್ಟೇಟ್ ರೈಲ್ವೆ, ಮದ್ರಾಸ್ ಅಂಡ್ ಸದರ್ನ್ ಮರಾಠ, ಸೌತ್ ಇಂಡಿಯನ್ ಮೂರೂ ಕೂಡಿ ದಕ್ಷಿಣ ರೈಲ್ವೆ ಆಯಿತು. ಹಾಗಾಗಿ ನಮ್ಮ ಕಡೆಯ ಡಬ್ಬಿಗಳ ಮೇಲೆ ಎಸ್‌ಆರ್ ಎಂಬ ಬಿಳೀ ಅಕ್ಷರ. ಆದರೆ ಗೂಡ್ಸ್ ಡಬ್ಬಿಗೆ ಮನೆ ಎಂಬುದಿರಲಿಲ್ಲ. ಇಳಿಸಿದ ಊರಿನಲ್ಲಿ ಸಿಕ್ಕ ಸರಕು ತುಂಬಿಕೊಂಡು ಮತ್ತೊಂದು ಊರಿಗೆ ಹೊರಡುವುದು. ಮೀಟರ್ ಗೇಜ್ ಹಳಿ ದೇಶದ ಉದ್ದಕ್ಕೂ ಹೆಣೆದುಕೊಂಡಿದ್ದ ಕಾಲ. ಸಿಕಂದರಾಬಾದಿನ ಎಸ್‌ಸಿ, ಗುಜರಾತು ರಾಜಸ್ಥಾನಗಳ ಕಡೆ ಓಡುವ ಡಬ್ಲ್ಯುಆರ್, ಗೋರಖಪುರದ ಎನ್‌ಇ. ಶಾಲೆಯ ಭೂಗೋಳದ ಪುಸ್ತಕಕ್ಕಿಂತ ಮೊದಲೇ ಗೋರಖಪುರ ಎಂಬ ಊರಿದೆ ಎಂದು ನಾನು ಕಲಿತದ್ದು ಅಪ್ಪನಿಂದ, ಡಬ್ಬಿಯ ಮೈಮೇಲೆ ಬೆರಳಿಟ್ಟುಕೊಂಡು. ಅಷ್ಟು ದೂರದಿಂದ ಬಂದ ಡಬ್ಬಿ ನಮ್ಮ ಅಕ್ಕಿಗೆ ಕಾಯುತ್ತಾ ನಿಂತಿದೆ ಎಂಬುದೇ ನನಗೆ ದೊಡ್ಡ ಗೌರವ ಅನ್ನಿಸುತ್ತಿತ್ತು. ಹಳೇ ಕಾಲದ ಸ್ಟೇಷನ್ ಕೂರಿಸುವ ಯಾರೇ ಆದರೂ ಎಲ್ಲ ಡಬ್ಬಿಗೂ ಒಂದೇ ಅಕ್ಷರ ಬರೆದರೆ ತಪ್ಪು ಮಾಡುತ್ತಾರೆ. ನನ್ನ ಐದರಲ್ಲಿ ಮೂರು ದಕ್ಷಿಣದವು, ಒಂದು ಸಿಕಂದರಾಬಾದಿನದು, ಒಂದು ಗೋರಖಪುರದ್ದು.

ಕೆಲಸಕ್ಕೆ ಬೇಕಾದದ್ದೆಲ್ಲ ಊರಲ್ಲೇ ಸಿಕ್ಕಿತು. ಗೋಡೆಗೆ ಲಗ್ನಪತ್ರಿಕೆಯ ರಟ್ಟು. ಅದರಷ್ಟು ಹದವಾದ ಕಾಗದ ಅಂಗಡಿಯಲ್ಲೂ ಸಿಗುವುದಿಲ್ಲ. ಮಸಿ ತೀರಿದ ಬಾಲ್‌ಪೆನ್ನಿನಿಂದ ಹಿಂಬದಿಯಲ್ಲಿ ಒತ್ತಿದರೆ ಮುಂಬದಿಯಲ್ಲಿ ರಿವೆಟ್ಟಿನ ಸಾಲು ಏಳುತ್ತದೆ. ಸಾಲು ನೆಟ್ಟಗೆ ಬರುವತನಕ ಮೂರು ಮದುವೆಯ ಪತ್ರಿಕೆಗಳು ಹಾಳಾದವು. ಬಣ್ಣಕ್ಕೆ ಹಾರ್ಡ್‌ವೇರ್ ಅಂಗಡಿಯ ರೆಡ್ ಆಕ್ಸೈಡು, ಮನೆಯ ಗೇಟಿಗೆ ಮೊದಲ ಕೋಟು ಬಳಿಯುತ್ತಾರಲ್ಲ, ಅದೇ. ಸ್ವಲ್ಪ ತೆಳು ಮಾಡಿ ಎರಡು ಕೈ ಹೊಡೆದರೆ ಮೇಸ್ತ್ರಿಯವರ ಭುಜಕ್ಕೆ ಮೆತ್ತಿದ ಕಾವಿ ಬಂತು. ಹೊಸದಾಗಿ ಕಾಣಬಾರದು, ಅದಕ್ಕೆ ಗಿರಣಿಯಿಂದ ತಂದ ಭತ್ತದ ಹೊಟ್ಟಿನ ಬೂದಿಯನ್ನು ಬಟ್ಟೆಯಲ್ಲಿ ಒತ್ತಿ ಒರೆಸಿದೆ. ಚಾವಣಿಯ ಅಂಚಿಗೆ, ಬಾಗಿಲ ಕೆಳಗೆ ಹೆಚ್ಚು, ಮೈಗೆ ಕಡಿಮೆ. ನಿಜವಾದ ಡಬ್ಬಿಯ ಮೇಲೂ ಕೂತಿರುತ್ತಿದ್ದದ್ದು ಇದೇ ಬೂದಿ, ಇದೇ ಧೂಳು. ನಡುವಿನ ಬಫರಿಗೆ ಹಿತ್ತಾಳೆಯ ಪ್ರೆಸ್ ಬಟನ್, ಕೊಕ್ಕೆಗೆ ತಾಮ್ರದ ತಂತಿ. ಮೂಟೆಗಳಿಗೆ ಅಪ್ಪನ ಹಳೇ ಪಂಚೆಯ ತುಂಡನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಗೋಣಿಯ ಬಣ್ಣ ಬರಿಸಿ, ಒಳಗೆ ರಾಗಿ ತುಂಬಿ ಹೊಲಿದೆ. ಹೆಂಡತಿ ಕನ್ನಡಕ ಹಾಕಿಕೊಂಡು ನಲವತ್ತು ಮೂಟೆ ಹೊಲಿದುಕೊಟ್ಟಳು. ಒಂದೊಂದೂ ಕಿರುಬೆರಳಿನ ಉಗುರಿಗಿಂತ ತುಸು ಉದ್ದ.

ಯಾವ ಡಬ್ಬಿ ಎಷ್ಟು ಎಂಬ ವಿಚಾರದಲ್ಲಿ ಮನೆಯಲ್ಲಿ ಒಂದು ಸಣ್ಣ ವ್ಯಾಜ್ಯ ಆಯಿತು. ಸೋದರಮಾವ ಪಿರಿಯಾಪಟ್ಟಣದ ಕಡೆಯವರು, ಹೊಗೆಸೊಪ್ಪು ಬೆಳೆದವರು. "ನಮ್ಮ ಬೇಲುಗಳಿಗೂ ಒಂದು ಡಬ್ಬಿ ಇಡಯ್ಯ" ಎಂದರು. ಹೆಂಡತಿಯ ತವರು ಹೆಗ್ಗಡದೇವನಕೋಟೆ. ಕಾಕನಕೋಟೆ ಕಾಡಿನ ಮರ ಸಾಗಿದ್ದನ್ನು ಕಂಡು ಬೆಳೆದವಳು. ಮೇಲೆ ಚಾವಣಿ ಇಲ್ಲದ ಡಬ್ಬಿಯಲ್ಲಿ ದಿಮ್ಮಿಗಳನ್ನು ಜೋಡಿಸಿದರೆ ಎಷ್ಟು ಚೆಂದ ಎಂದಳು. ಚೆಂದವೇ, ಮರದ ದಿಮ್ಮಿ ಹೊತ್ತ ಬಂಡಿಯಷ್ಟು ಕಣ್ತುಂಬುವ ಗೂಡ್ಸ್ ಬೇರೆ ಇಲ್ಲ. ಆದರೆ ನಮ್ಮ ಶೆಡ್ಡಿನಲ್ಲಿ ಕೋಟೆಯ ದಿಮ್ಮಿಯನ್ನಾಗಲಿ ಪಿರಿಯಾಪಟ್ಟಣದ ಬೇಲನ್ನಾಗಲಿ ನಾನು ಕಂಡಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಮೂರೂ ತಾಲ್ಲೂಕುಗಳಲ್ಲಿ ಹಳಿ ಇಲ್ಲ. ಮೈಸೂರಿನಿಂದ ಕುಶಾಲನಗರಕ್ಕೆ ರೈಲು ಬಂದರೆ ಹುಣಸೂರು, ಪಿರಿಯಾಪಟ್ಟಣದ ಮೇಲೆ ಹೋಗುತ್ತದೆ ಎಂಬ ಮಾತನ್ನು ಮಾವ ಕೇಳಿಕೊಂಡೇ ಮುದುಕರಾದರು. ಅಲ್ಲಿನ ಸೊಪ್ಪು, ಮರ, ಕೊಡಗಿನಿಂದ ಇಳಿದು ಬರುವ ಕಾಫಿ ಎಲ್ಲ ರಸ್ತೆ ಹಿಡಿದು ಮೈಸೂರಿನ ಕಡೆಗೆ ಹೋದವು. ಅವರಿಬ್ಬರ ಆಸೆ ನನಗೆ ನೋವು ಕೊಟ್ಟಿತು. ಆದರೂ ಡಬ್ಬಿ ಸೇರಿಸಲಿಲ್ಲ. ಬದಲಿಗೆ ಬೊಂಬೆ ಮೆಟ್ಟಿಲಿನ ಪಕ್ಕದಿಂದ ಹುಣಸೂರು ರಸ್ತೆ ಎಂದು ಒಂದು ದಾರಿ ಎಳೆದೆ. ವೀರನಹೊಸಹಳ್ಳಿಯಿಂದ ಗಜಪಯಣ ಹೊರಟ ಆನೆಗಳನ್ನು ಅಮ್ಮ ವರ್ಷವೂ ಇಡುತ್ತಿದ್ದದ್ದು ಆ ಕಡೆಗೇ. ಆನೆಗಳ ಹಿಂದೆ ದಿಮ್ಮಿ ಹೊತ್ತ ಒಂದು ಲಾರಿ; ತೊಗರಿ ಕಡ್ಡಿ ಕತ್ತರಿಸಿ ದಿಮ್ಮಿ ಮಾಡಿದ್ದು. ಅದರ ಹಿಂದೆ ಟಾರ್ಪಾಲು ಮುಚ್ಚಿದ ಇನ್ನೊಂದು. ಟಾರ್ಪಾಲಿನ ಅಡಿಯಲ್ಲಿ ಮಾವ ಕೊಟ್ಟ ನಿಜವಾದ ಹೊಗೆಸೊಪ್ಪಿನ ಚೂರು ಇದೆ. ಹತ್ತಿರ ಬಗ್ಗಿದರೆ ಸೊಪ್ಪು ಹದ ಮಾಡುವ ಬ್ಯಾರನ್ನಿನ ವಾಸನೆ ಬರುತ್ತದೆ.

ಹೀಗೆ ನಮ್ಮ ಸೈಡಿಂಗಿಗೆ ಬಂದದ್ದು ಐದು ಮುಚ್ಚಿದ ಡಬ್ಬಿಗಳು ಮಾತ್ರ. ಟ್ಯಾಂಕಿಲ್ಲ, ಕಂಟೇನರಿಲ್ಲ. ಐದೂ ಒಂದೇ ಥರ ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಒಂದರ ಬಾಗಿಲು ತೆರೆದಿದೆ, ಒಳಗೆ ಅರ್ಧದವರೆಗೆ ಮೂಟೆ. ಒಂದಕ್ಕೆ ಸೀಲು ಬಿದ್ದಿದೆ. ಒಂದರ ಚಾವಣಿಯ ಮೇಲೆ ತುಕ್ಕಿನ ತೇಪೆ. ಗೋರಖಪುರದ್ದು ಉಳಿದವುಗಳಿಗಿಂತ ಮಾಸಿದೆ, ದೂರದಿಂದ ಬಂದದ್ದಲ್ಲವೆ.

ನಿಜವಾದವ್ಯಾವುವೂ ಈಗ ಆ ಜಾಗದಲ್ಲಿಲ್ಲ. 80ರ ದಶಕದಲ್ಲಿ ಬಿಡಿ ಡಬ್ಬಿ ಕೊಡುವುದನ್ನು ಕಡಿಮೆ ಮಾಡಿ, ಒಂದೇ ಸರಕಿನ ಪೂರಾ ರೇಕು ತುಂಬಿದರೆ ಮಾತ್ರ ಎಂಬ ಕಡೆಗೆ ರೈಲ್ವೆ ವಾಲಿತು. ಎರಡು ಡಬ್ಬಿ ಅಕ್ಕಿಯ ಗಿರಣಿಗಳು ಲಾರಿಗೆ ಹೋದವು. 1992ರಲ್ಲಿ ದೇಶಕ್ಕೆಲ್ಲ ಒಂದೇ ಗೇಜು ಎಂಬ ಯೋಜನೆ ಬಂತು. ಆ ದಶಕ ಮುಗಿಯುವುದರೊಳಗೆ ನಮ್ಮ ದಾರಿಯ ಹಳಿಯೂ ಅಗಲವಾಯಿತು. ರೈಲು ವೇಗವಾಗಿ ಬರುತ್ತದೆ, ದೂರದ ಊರಿಗೆ ನೇರ ಹೋಗುತ್ತದೆ, ಒಳ್ಳೆಯದೇ ಆಗಿದೆ. ಅಪ್ಪ ಅದನ್ನು ನೋಡಲು ಉಳಿಯಲಿಲ್ಲ.

ಈ ಸಲ ಪಾಡ್ಯದ ಸಂಜೆ ಆರತಿ ಮುಗಿದ ಮೇಲೆ ಅಮ್ಮನನ್ನು ಮಣೆಯ ಮೇಲೆ ಕೂರಿಸಿದೆವು. ಈಗ ಅವಳಿಗೆ ಕಣ್ಣು ಮಂಜು. ಮೊಮ್ಮಗ ಡಬ್ಬಿಗಳ ಸಾಲನ್ನು ಮೆಲ್ಲಗೆ ತಳ್ಳಿದ. ಹಳಿಯ ಜೋಡಣೆ ಇದ್ದ ಕಡೆ ನಾನು ಗರಗಸದಿಂದ ಸಣ್ಣ ಗೆರೆ ಕೊಯ್ದಿದ್ದೆ. ನಾಲ್ಕು ಚಕ್ರದ ಡಬ್ಬಿ ಅದರ ಮೇಲೆ ಹೋದರೆ ಟಕ್, ತುಸು ಬಿಟ್ಟು ಟಕ್. ಮತ್ತೆ ಮುಂದಿನ ಡಬ್ಬಿ: ಟಕ್, ಟಕ್. ಪ್ಯಾಸೆಂಜರ್ ಗಾಡಿಯ ನಾಲ್ಕರ ತಾಳ ಬೇರೆ, ಇದು ಬೇರೆ. ರಾತ್ರಿ ಹಾಸಿಗೆಯಲ್ಲಿ ಮಲಗಿದ್ದಾಗ ಆ ಸದ್ದಿನಿಂದಲೇ ಬಂದದ್ದು ಗೂಡ್ಸು ಎಂದು ಮನೆಮಂದಿಗೆಲ್ಲ ತಿಳಿಯುತ್ತಿತ್ತು.

ಅಮ್ಮ ತಲೆ ಎತ್ತಿದಳು. "ವ್ಯಾಗನ್ ಬಂತು," ಅಂದಳು.

ಕೈ ಚಾಚಿ ಸೀಲು ಬಿದ್ದ ಡಬ್ಬಿಯನ್ನು ಮುಟ್ಟಿ ನೋಡಿದಳು. ಬಾಗಿಲ ಪಕ್ಕ ಊರಿನ ಹೆಸರಿನ ಚೀಟಿ ಸಿಕ್ಕಿಸುವ ಪುಟ್ಟ ಚೌಕಟ್ಟು ಮಾಡಿದ್ದೆ, ಅಕ್ಕಿನುಚ್ಚಿನಷ್ಟು ಅಗಲ. ಏನೂ ಬರೆಯಲಾಗದೆ ಖಾಲಿ ಬಿಳೀ ಕಾಗದ ಅಂಟಿಸಿದ್ದೆ. ಬೆರಳಿಗೆ ಅದು ಸಿಕ್ಕಿತು.

"ಎಲ್ಲಿಗೆ ಹಾಕಿದ್ದೀಯ?"

"ಇನ್ನೂ ಬರೆದಿಲ್ಲಮ್ಮ."

"ಹಾಸನಕ್ಕೆ ಹಾಕು. ನಿಮ್ಮಪ್ಪ ತುಂಬಿಸಿದ್ದ ಕೊನೇ ವ್ಯಾಗನ್ ಹಾಸನಕ್ಕೆ ಹೋಗಿದ್ದು."

ಮೊಮ್ಮಗ ಸೂಜಿಮೊನೆಯಂಥ ಪೆನ್ನು ತಂದ. ಮೂರು ಅಕ್ಷರ ಹಿಡಿಸಲಿಲ್ಲ. 'ಹಾ' ಎಂದಷ್ಟೇ ಬರೆದ.